ನೀರಿಳಿಸುವ ಮಾತ್ರೆ ಮತ್ತು ಎರಡು ನೋಟ್‌ಬುಕ್‌ಗಳು: ನನ್ನ ಅನುಭವ

ನಾಯಿ ಮಲಗಿರುವಾಗ ಮನೆಯವರೇ ಅದರ ಉಸಿರು ಎಣಿಸಿ ಬರೆದಿಡಲಿ, ಆ ಎಣಿಕೆ ನೋಡಿ ಮೂತ್ರವರ್ಧಕದ, ಅಂದರೆ ಮೈಯ ನೀರಿಳಿಸುವ ಮಾತ್ರೆಯ, ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡೋಣ ಎಂದು ನಾನು ಹೇಳಿದಾಗ ಜೊತೆಯಲ್ಲಿದ್ದ ಇಬ್ಬರು ಪಶುವೈದ್ಯರು ಒಪ್ಪಲಿಲ್ಲ. ‘ಎರಡನೆಯ ವಾರಕ್ಕೆ ಬರೆಯುವುದನ್ನು ಬಿಡುತ್ತಾರೆ, ಮೂರನೆಯ ವಾರಕ್ಕೆ ತಮಗೆ ತೋಚಿದಷ್ಟು ಮಾತ್ರೆ ಹಾಕುತ್ತಾರೆ’ ಎಂದರು. ಅವರ ಭಯ ಆಧಾರವಿಲ್ಲದ್ದಲ್ಲ. ಆದರೆ ಆ ನಾಯಿ, ಒಂಬತ್ತು ಕಿಲೋ ತೂಕದ, ಹೃದಯದ ಎಡಭಾಗದ ಮೈಟ್ರಲ್ ಕವಾಟ ಸವೆದ ಹನ್ನೊಂದು ವರ್ಷದ ಹೆಣ್ಣು, ಶ್ವಾಸಕೋಶದಲ್ಲಿ ಮೊದಲ ಬಾರಿ ನೀರು ತುಂಬಿಕೊಂಡ ಮೇಲೆ ಸುಮಾರು ಹತ್ತೊಂಬತ್ತು ತಿಂಗಳು ಬದುಕಿತು. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ರಾತ್ರಿ ಕಳೆದದ್ದು ಒಂದೇ ಸಲ. ನಾನು ನೋಡಿಕೊಂಡ ಇಂಥ ನಾಯಿಗಳಲ್ಲಿ ಇಷ್ಟು ಸಲೀಸಾಗಿ ಇಷ್ಟು ಕಾಲ ನಡೆದದ್ದು ಬೇರೆ ಇಲ್ಲ. ಆ ಇಬ್ಬರಲ್ಲಿ ಒಬ್ಬರು ಈಗ ತಮ್ಮ ರೋಗಿಗಳ ಮನೆಯವರಿಗೂ ಅದೇ ನೋಟ್‌ಬುಕ್ಕಿನ ಪುಟಗಳನ್ನು ಪ್ರತಿ ಮಾಡಿಸಿ ಕೊಡುತ್ತಿದ್ದಾರೆ. ಆದ್ದರಿಂದ ಬರೆಯುತ್ತಿದ್ದೇನೆ.

ಈ ಪದ್ಧತಿ ನನಗೆ ಬಂದದ್ದು ಪಶುವೈದ್ಯಶಾಸ್ತ್ರದಿಂದಲ್ಲ, ಅಮ್ಮನ ಕಾಲಿನ ಬಾವಿನಿಂದ. ಅಮ್ಮನಿಗೆ ಹೃದಯ ವೈಫಲ್ಯವಿದೆ. ಒಂದು ವರ್ಷದಲ್ಲಿ ಮೂರು ಸಲ ಆಸ್ಪತ್ರೆಗೆ ಸೇರಿಸಿದ್ದೆವು. ಪ್ರತಿ ಸಲವೂ ಒಂದೇ ಕಥೆ: ಪಾದ ಬಾತುಕೊಂಡು ಒತ್ತಿದರೆ ಗುಳಿ ಬೀಳುವುದು, ಆಮೇಲೆ ದಿಂಬು ಎರಡಾಗುವುದು, ಆಮೇಲೆ ಕುಳಿತೇ ನಿದ್ದೆ ಮಾಡುವುದು, ಕೊನೆಗೆ ರಕ್ತನಾಳಕ್ಕೆ ಫ್ಯೂರೋಸೆಮೈಡ್ ಎಂಬ ಮೂತ್ರವರ್ಧಕ. ಮೂರನೆಯ ಸಲ ಹೃದ್ರೋಗ ವೈದ್ಯರು ಬಿಡುಗಡೆಯ ಚೀಟಿಯ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ನೀರಿಲ್ಲದ ತೂಕ 58 ಕಿಲೋ. ಫ್ಯೂರೋಸೆಮೈಡ್ ದಿನಕ್ಕೆ 40 ಮಿಲಿಗ್ರಾಂ. ಎರಡು ದಿನದಲ್ಲಿ ಒಂದೂವರೆ ಕಿಲೋ ಏರಿದರೆ ಮಧ್ಯಾಹ್ನ ಇನ್ನೊಂದು 40, ಮೂರೇ ದಿನ, ಇಳಿಯದಿದ್ದರೆ ಫೋನ್. 56.5ಕ್ಕಿಂತ ಕೆಳಗೆ ಹೋದರೆ ಅಥವಾ ತಲೆ ತಿರುಗಿದರೆ ಆ ದಿನದ ಮಾತ್ರೆ ಬೇಡ, ಫೋನ್. ಅಷ್ಟೇ. ಅದಾಗಿ ಎರಡು ವರ್ಷ ದಾಟಿತು, ಆ ಕಾರಣಕ್ಕೆ ಆಸ್ಪತ್ರೆ ಸೇರಿಲ್ಲ. ತೂಕ ಬರೆದಿಡುವ ಮೊದಲ ನೋಟ್‌ಬುಕ್ ಅಮ್ಮನದು, ಈ ಅಂಕಿಗಳೂ ಅಮ್ಮನವು. ಬೇರೆಯವರ ಮೈಗೆ ಇವನ್ನು ಹಾಗೆಯೇ ಹೊಂದಿಸುವುದು ಸಲ್ಲದು.

ಎರಡು ವರ್ಷವೂ ಸುಗಮವಾಗಿತ್ತು ಎಂದರೆ ಸುಳ್ಳಾಗುತ್ತದೆ. ಹೆಚ್ಚುವರಿ ಮಾತ್ರೆಯನ್ನು ಒಮ್ಮೆ ನಾನು ಸಂಜೆ ಏಳಕ್ಕೆ ಕೊಟ್ಟೆ, ಮಧ್ಯಾಹ್ನ ಮರೆತಿದ್ದರಿಂದ. ಬಾಯಿಂದ ಕೊಟ್ಟ ಫ್ಯೂರೋಸೆಮೈಡ್ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಆರು ಗಂಟೆ ಎಳೆಯುತ್ತದೆ ಎಂಬುದು ನನಗೆ ದಿನನಿತ್ಯದ ಪಾಠ, ಆದರೂ ಕೊಟ್ಟೆ. ರಾತ್ರಿ ನಾಲ್ಕನೆಯ ಸಲ ಶೌಚಾಲಯಕ್ಕೆ ಎದ್ದಾಗ ಅಮ್ಮ ಬಿದ್ದರು. ಮಣಿಕಟ್ಟು ಉಳುಕಿತು, ಮೂಳೆ ಉಳಿಯಿತು. ಮಧ್ಯಾಹ್ನದ ಮಾತ್ರೆ ಮರೆತರೆ ಮರೆತದ್ದೇ, ಸಂಜೆಗೆ ಎಳೆಯುವುದಿಲ್ಲ ಎಂಬ ನಿಯಮ ಅಂದಿನಿಂದ.

ಇನ್ನೊಂದು ಸಲ ತೂಕ ನಾಲ್ಕೈದು ದಿನದಲ್ಲಿ ಮೂರು ಕಿಲೋ ಏರಿತು, ಹೆಚ್ಚುವರಿ ಮಾತ್ರೆಗೂ ಜಗ್ಗಲಿಲ್ಲ. ವೈದ್ಯರು ಮೊದಲು ಕೇಳಿದ್ದು ‘ನೋವಿನ ಮಾತ್ರೆ ಏನಾದರೂ?’ ಎಂದು. ಹೌದು, ಮಂಡಿನೋವಿಗೆ ನೆಂಟರೊಬ್ಬರು ಕೊಟ್ಟ ಉರಿಯೂತ ನಿವಾರಕವನ್ನು ಅಮ್ಮ ಒಂದು ವಾರದಿಂದ ಸದ್ದಿಲ್ಲದೆ ನುಂಗುತ್ತಿದ್ದರು. ಆ ವರ್ಗದ ಮಾತ್ರೆಗಳು ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಕುಗ್ಗಿಸುತ್ತವೆ, ಉಪ್ಪನ್ನು ಹಿಡಿದಿಡುತ್ತವೆ. ಮೂತ್ರವರ್ಧಕ ಎಷ್ಟು ಕೊಟ್ಟರೂ ಒಂದು ಕೈ ಎಳೆದರೆ ಇನ್ನೊಂದು ಕೈ ತಳ್ಳಿದಂತೆ. ನಿಲ್ಲಿಸಿದ ಮೇಲೆ ಐದು ದಿನದಲ್ಲಿ ಹಳೆಯ ತೂಕಕ್ಕೆ ಬಂದರು. ನಾಯಿಗಳಲ್ಲೂ ಇದನ್ನು ಎರಡು ಸಲ ಕಂಡಿದ್ದೇನೆ: ಕೀಲುನೋವಿಗೆ ಒಬ್ಬರ ಚೀಟಿ, ಹೃದಯಕ್ಕೆ ಇನ್ನೊಬ್ಬರ ಚೀಟಿ, ಎರಡನ್ನೂ ಒಟ್ಟಿಗೆ ನೋಡಿದವರು ಯಾರೂ ಇಲ್ಲ.

ಈಗ ನಾಯಿಯ ವಿಷಯ. ನನ್ನ ಬಳಿ ಬಂದಾಗ ಅದಕ್ಕೆ ಫ್ಯೂರೋಸೆಮೈಡ್ 40ರ ಮಾತ್ರೆಯ ಕಾಲು ಭಾಗವನ್ನು ದಿನಕ್ಕೆ ನಾಲ್ಕು ಸಲ ಕೊಡುತ್ತಿದ್ದರು. ‘ಸ್ವಲ್ಪ ಸ್ವಲ್ಪ ಕೊಟ್ಟರೆ ಕಿಡ್ನಿಗೆ ಒಳ್ಳೆಯದು’ ಎಂದು ಯಾರೋ ಹೇಳಿದ್ದರಂತೆ. ಮಲಗಿದಾಗಿನ ಉಸಿರು ನಿಮಿಷಕ್ಕೆ 44. ಮನೆಯವರು ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಎದ್ದು ಸೋತಿದ್ದರು. ನಾನು ದಿನದ ಒಟ್ಟು ಪ್ರಮಾಣವನ್ನು ಒಂದು ಮಿಲಿಗ್ರಾಂ ಕೂಡ ಹೆಚ್ಚಿಸಲಿಲ್ಲ. ಅರ್ಧ ಮಾತ್ರೆ, ಎರಡೇ ಹೊತ್ತು ಎಂದೆ. ಎರಡು ದಿನದಲ್ಲಿ ಉಸಿರು 26ಕ್ಕೆ ಇಳಿಯಿತು. ಈ ವರ್ಗದ ಔಷಧಿಗೆ ಒಂದು ಹೊಸ್ತಿಲು ಇದೆ, ಅದನ್ನು ದಾಟದ ಪ್ರಮಾಣ ನಾಲ್ಕಲ್ಲ, ಎಂಟು ಸಲ ಕೊಟ್ಟರೂ ವ್ಯರ್ಥ. ನಾನು ಮನೆಯವರನ್ನು ಕೇಳುವುದು ಒಂದೇ ಪ್ರಶ್ನೆ: ಮಾತ್ರೆ ಕೊಟ್ಟು ಒಂದೆರಡು ಗಂಟೆಯಲ್ಲಿ ಧಾರಾಳವಾಗಿ ಮೂತ್ರ ಮಾಡಿತೇ? ಮಾಡದಿದ್ದರೆ ಪ್ರಮಾಣ ಸಾಲದು, ಒಂದು ಹೊತ್ತಿನದನ್ನು ಏರಿಸಬೇಕು. ಮಾಡಿಯೂ ಸಂಜೆಯ ಹೊತ್ತಿಗೆ ಉಸಿರು ಏರುತ್ತಿದ್ದರೆ ಪ್ರಮಾಣ ಸರಿಯಿದೆ, ಹೊತ್ತುಗಳನ್ನು ಹೆಚ್ಚಿಸಬೇಕು. ಈ ಎರಡನ್ನು ಕಲಸಿಕೊಂಡೇ ನಮ್ಮಲ್ಲಿ ಬಹಳ ಮಂದಿ ‘ಲ್ಯಾಸಿಕ್ಸ್ (ಫ್ಯೂರೋಸೆಮೈಡಿನ ಮಾರಾಟದ ಹೆಸರು) ಕೆಲಸ ಮಾಡುತ್ತಿಲ್ಲ’ ಎಂದುಬಿಡುತ್ತಾರೆ.

ನೋಟ್‌ಬುಕ್ಕಿನಲ್ಲಿ ಮೊದಲು ಏಳು ಕಲಮು ಇಟ್ಟಿದ್ದೆ: ಉಸಿರು, ತೂಕ, ಕೆಮ್ಮು, ಊಟ, ಕುಡಿದ ನೀರು, ಮೂತ್ರ, ಉತ್ಸಾಹ. ಹತ್ತು ದಿನದಲ್ಲಿ ಪುಟಗಳು ಖಾಲಿ ಬರಲಾರಂಭಿಸಿದವು, ಆಗ ನನ್ನ ಸಹೋದ್ಯೋಗಿಗಳು ಹೇಳಿದ್ದು ನಿಜವಾಗುತ್ತದೇನೋ ಎನಿಸಿತ್ತು. ಮೂರಕ್ಕೆ ಇಳಿಸಿದೆ: ಗಾಢ ನಿದ್ದೆಯಲ್ಲಿನ ಉಸಿರು, ಎರಡು ದಿನಕ್ಕೊಮ್ಮೆ ತೂಕ, ತಿಂದಿತೋ ಇಲ್ಲವೋ. ಎದೆ ಏರಿ ಇಳಿದರೆ ಒಂದು. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸುವುದು. ಏದುಸಿರು ಬಿಡುತ್ತಿರುವಾಗ, ಕನಸಿನಲ್ಲಿ ಕಾಲು ಅದುರಿಸುತ್ತಿರುವಾಗ ಎಣಿಸಬಾರದು. ಮೂವತ್ತರೊಳಗಿದ್ದರೆ ನೆಮ್ಮದಿ. ಆದರೆ ನಾನು ಮೂವತ್ತಕ್ಕಿಂತ ಹೆಚ್ಚು ನಂಬುವುದು ಆಯಾ ನಾಯಿಯ ಸ್ವಂತ ಸರಾಸರಿಯನ್ನು. ಹದಿನೆಂಟರಲ್ಲಿ ಇರುವ ನಾಯಿ ಎರಡು ರಾತ್ರಿ ಇಪ್ಪತ್ತಾರು ತೋರಿಸಿದರೆ ಮೂವತ್ತಾಗಲಿ ಎಂದು ಕಾಯುವುದಿಲ್ಲ. ಒತ್ತಾದ ಕೂದಲಿನ ನಾಯಿಗಳಲ್ಲಿ ಕತ್ತಲೆಯಲ್ಲಿ ಎಣಿಸಲು ನನ್ನದೇ ಒಂದು ಉಪಾಯವಿದೆ. ಅದನ್ನು ನನ್ನ ಬಳಿ ಬರುವವರಿಗೆ ಕೈಹಿಡಿದು ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಕೆಮ್ಮನ್ನು ತೆಗೆದುಹಾಕಿದ್ದಕ್ಕೆ ಆಕ್ಷೇಪ ಬಂತು. ಹಿಗ್ಗಿದ ಎಡ ಹೃತ್ಕರ್ಣ (ಹೃದಯದ ಮೇಲಿನ ಕೋಣೆ) ಶ್ವಾಸನಾಳದ ಮೇಲೆ ಒರಗಿದರೂ ಕೆಮ್ಮು ಬರುತ್ತದೆ, ಆ ಕೆಮ್ಮಿಗೆ ನೀರಿಳಿಸಿ ಪ್ರಯೋಜನವಿಲ್ಲ. ಕೆಮ್ಮಿನ ಬೆನ್ನು ಹತ್ತಿ ಪ್ರಮಾಣ ಏರಿಸುತ್ತಾ ಹೋಗಿ ಒಂದು ಮುದಿ ನಾಯಿಯ ಮೂತ್ರಪಿಂಡವನ್ನು ನಾನೇ ಒಣಗಿಸಿದ್ದೆ. ಅದರ ಉಸಿರಿನ ಎಣಿಕೆ 20ರಲ್ಲೇ ಇತ್ತು. ನೋಡುವ ಅಭ್ಯಾಸ ಆಗ ನನಗಿರಲಿಲ್ಲ.

ಹಣದ ಮಾತು ಆಡದೆ ಇದು ಪೂರ್ತಿಯಾಗುವುದಿಲ್ಲ. ಒಂದು ರಾತ್ರಿ ಆಮ್ಲಜನಕದ ಪೆಟ್ಟಿಗೆಯಲ್ಲಿಟ್ಟು, ಎಕ್ಸ್‌ರೇ ತೆಗೆದು, ಚುಚ್ಚುಮದ್ದು ಕೊಟ್ಟದ್ದಕ್ಕೆ ಆದ ವೆಚ್ಚದಲ್ಲಿ ಆ ನಾಯಿಗೆ ಎಂಟೊಂಬತ್ತು ತಿಂಗಳ ಫ್ಯೂರೋಸೆಮೈಡ್ ಬರುತ್ತಿತ್ತು. ನಿಜವಾಗಿ ದುಡ್ಡು ತಿನ್ನುವುದು ಹೃದಯದ ಬಡಿತಕ್ಕೆ ಬಲ ಕೊಡುವ ಪಿಮೊಬೆಂಡನ್ ಮಾತ್ರೆ ಮತ್ತು ರಕ್ತಪರೀಕ್ಷೆ. ಮನೆಯವರು ಖರ್ಚು ಕಡಿಮೆ ಮಾಡಿ ಎಂದಾಗ ನಾನು ಬೇರೆಲ್ಲವನ್ನೂ ಕಡಿಮೆ ಮಾಡಿದ್ದೇನೆ: ಪದೇ ಪದೇ ಎಕ್ಸ್‌ರೇ ಬೇಡ, ಆರು ತಿಂಗಳಿಗೊಮ್ಮೆ ಎಕೋ (ಹೃದಯದ ಸ್ಕ್ಯಾನ್) ಬೇಡ. ಆದರೆ ಪ್ರಮಾಣ ಬದಲಿಸಿದ ಒಂದೆರಡು ವಾರದೊಳಗೆ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೊರಗಿದರೆ ಏರುವ ಅಂಶ) ಮತ್ತು ಪೊಟ್ಯಾಸಿಯಂ ನೋಡುವುದನ್ನು ಬಿಟ್ಟಿಲ್ಲ. ಒಮ್ಮೆ ಮಾತ್ರ ಎಡವಿದೆ.

ಅದು ಫ್ಯೂರೋಸೆಮೈಡಿನಿಂದ ಅದೇ ವರ್ಗದ ಟೋರ್ಸೆಮೈಡಿಗೆ ಬದಲಾಯಿಸಿದ ಸಲ. ಹದಿನಾಲ್ಕನೆಯ ತಿಂಗಳ ಸುಮಾರಿಗೆ ನಾಯಿಗೆ ಫ್ಯೂರೋಸೆಮೈಡ್ ದಿನಕ್ಕೆ 80 ಮಿಲಿಗ್ರಾಂ ಹತ್ತಿರ ಹೋಗಿತ್ತು, ಅಂದರೆ ತೂಕದ ಕಿಲೋಗೆ ಎಂಟು ಮಿಲಿಗ್ರಾಂನ ಗಡಿ ದಾಟಿತ್ತು. ಆಸ್ಪತ್ರೆಯಲ್ಲಿ ಕಳೆದ ಆ ಒಂದು ರಾತ್ರಿಯೂ ಅದೇ ವಾರದ್ದು. ಟೋರ್ಸೆಮೈಡ್ ನಾಯಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಕರುಳಿನಿಂದ ಹೆಚ್ಚು ಭರವಸೆಯಿಂದ ಹೀರಿಕೆಯಾಗುತ್ತದೆ. ಹತ್ತಕ್ಕೆ ಒಂದರ ಲೆಕ್ಕದಲ್ಲಿ ದಿನಕ್ಕೆ 8 ಮಿಲಿಗ್ರಾಂ ಬರೆದೆ. ಉಸಿರು ಅದ್ಭುತವಾಗಿ 16ಕ್ಕೆ ಇಳಿಯಿತು. ಮೂರು ದಿನದಲ್ಲಿ ಅರ್ಧ ಕಿಲೋಗೂ ಹೆಚ್ಚು ತೂಕವೂ ಇಳಿಯಿತು, ನಾಲ್ಕನೆಯ ದಿನ ತಟ್ಟೆ ಮುಟ್ಟಲಿಲ್ಲ. ರಕ್ತ ತೆಗೆದಾಗ ಕ್ರಿಯಾಟಿನಿನ್ 1.1 ಇದ್ದದ್ದು 2.3 ಆಗಿತ್ತು. ಒಂದು ದಿನ ಪೂರ್ತಿ ನಿಲ್ಲಿಸಿ, ಇಪ್ಪತ್ತಕ್ಕೆ ಒಂದರ ಲೆಕ್ಕಕ್ಕೆ ಇಳಿದೆ: ಐದರ ಮಾತ್ರೆಯಲ್ಲಿ ಬೆಳಿಗ್ಗೆ ಅರ್ಧ, ಸಂಜೆ ಕಾಲು. ಅಲ್ಲಿ ನೆಲೆ ನಿಂತಿತು. ತಟ್ಟೆ ಮುಟ್ಟದ ನಾಯಿಗೆ ಎಂದಿನ ಪ್ರಮಾಣ ಕೊಡುವ ಮೊದಲು ನನಗೆ ಫೋನ್ ಮಾಡಬೇಕು ಎಂಬುದು ಮೂರನೆಯ ಕಲಮಿನ ಅರ್ಥ. ಆ ಕಲಮೇ ಅಂದು ಉಳಿಸಿತು.

ಅಮ್ಮನಿಗೂ ಟೋರ್ಸೆಮೈಡ್ ಮಾಡೋಣವೇ ಎಂದು ಉತ್ಸಾಹದಿಂದ ವೈದ್ಯರನ್ನು ಕೇಳಿದೆ. ಮನುಷ್ಯರಲ್ಲಿ ಇವೆರಡನ್ನು ಹೋಲಿಸಿದ ಟ್ರಾನ್ಸ್‌ಫಾರ್ಮ್-ಎಚ್‌ಎಫ್ ಅಧ್ಯಯನ 2023ರಲ್ಲಿ ಪ್ರಕಟವಾಗಿದೆ, ಸುಮಾರು 2,800 ರೋಗಿಗಳು, ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಂಡಿಲ್ಲ ಎಂದರು. ನಡೆಯುತ್ತಿರುವುದನ್ನು ಕದಲಿಸಲಿಲ್ಲ.

ನನ್ನನ್ನು ಈಗಲೂ ಚುಚ್ಚುವ ತಪ್ಪು ಬೇರೊಂದು. ವರ್ಷಗಳ ಹಿಂದೆ ಹೊಟ್ಟೆ ಉಬ್ಬಿದ ದೊಡ್ಡ ತಳಿಯ ನಾಯಿಯೊಂದು ಬಂದಿತ್ತು. ಜಲೋದರ (ಹೊಟ್ಟೆಯಲ್ಲಿ ನೀರು), ಹೃದಯದ ಸದ್ದು ಕ್ಷೀಣ, ನಾಡಿ ದುರ್ಬಲ. ಹೃದಯ ವೈಫಲ್ಯ ಎಂದುಕೊಂಡು ಫ್ಯೂರೋಸೆಮೈಡ್ ಚುಚ್ಚಿದೆ. ಒಂದು ಗಂಟೆಯೊಳಗೆ ನಾಯಿ ಕುಸಿಯಿತು. ನೀರು ಇದ್ದದ್ದು ಹೃದಯದ ಹೊರಚೀಲದಲ್ಲಿ. ಹೊರಗಿನಿಂದ ಒತ್ತಿಸಿಕೊಂಡ ಹೃದಯ ತುಂಬಿಕೊಳ್ಳಲು ಇದ್ದ ಅಲ್ಪ ಒತ್ತಡವನ್ನೂ ನಾನು ಬರಿದು ಮಾಡಿದ್ದೆ. ಹಿರಿಯರೊಬ್ಬರು ಓಡಿಬಂದು ಸೂಜಿ ಹಾಕಿ ಕೆಂಪು ನೀರು ತೆಗೆದರು, ನಾಯಿ ಎದ್ದು ನಿಂತಿತು. ಅಂದಿನಿಂದ ಹೊಟ್ಟೆಯ ನೀರು ಕಂಡರೆ ಮೊದಲು ಸ್ಕ್ಯಾನರ್, ಆಮೇಲೆ ಸಿರಿಂಜು. ಬೆಕ್ಕಿನ ಎದೆಗೂಡಿನಲ್ಲಿ ಶ್ವಾಸಕೋಶದ ಸುತ್ತ ನೀರು ತುಂಬಿದ್ದರೂ ಅಷ್ಟೇ: ಸೂಜಿಯಿಂದ ತೆಗೆಯಬೇಕು, ಮಾತ್ರೆ ಮರಳಿ ತುಂಬುವುದನ್ನು ನಿಧಾನಿಸಬಹುದು. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ಕುಸಿದು ಬಂದ ಬಾವು, ಒಂದೇ ಕಾಲಿನ ಬಾವು, ರಕ್ತದೊತ್ತಡದ ಆಮ್ಲೋಡಿಪಿನ್ ಶುರುಮಾಡಿದ ಮೇಲೆ ಮನುಷ್ಯರಿಗೆ ಬರುವ ಪಾದದ ಬಾವು, ಇವನ್ನೆಲ್ಲ ಫ್ಯೂರೋಸೆಮೈಡಿನಿಂದ ಹಿಂಡಲು ಹೊರಟವರು ರೋಗಿಯನ್ನು ಒಣಗಿಸುತ್ತಾರೆ, ಬಾವು ಅಲ್ಲೇ ಇರುತ್ತದೆ. ಆಮ್ಲೋಡಿಪಿನ್ ಬಾವಿಗೆ ಮದ್ದು ಆ ಮಾತ್ರೆಯನ್ನು ವೈದ್ಯರು ಬದಲಿಸುವುದೇ ಹೊರತು ನೀರಿಳಿಸುವುದಲ್ಲ.

ನಡುವೆ ಕೆಲವು ಪ್ರಯೋಗ ಮಾಡಿದೆ. ನಾಯಿ ಮೂತ್ರ ಮಾಡುವ ಹೀರುಹಾಸನ್ನು ಅಡುಗೆ ತಕ್ಕಡಿಯಲ್ಲಿ ಮೊದಲು ಮತ್ತು ನಂತರ ತೂಗಿಸಿದೆ. ಒಂದು ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. ಹೊಸ್ತಿಲು ದಾಟಿದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಆದರೆ ಮನೆಯವರು ನಾಲ್ಕು ದಿನಕ್ಕಿಂತ ಹೆಚ್ಚು ಮಾಡಲಾರರು, ನಾನೂ ಕೇಳುವುದಿಲ್ಲ. ಜಲೋದರದ ನಾಯಿಗಳ ಹೊಟ್ಟೆಯ ಸುತ್ತಳತೆಯನ್ನು ಟೇಪಿನಿಂದ ಅಳೆಸಿ ನೋಡಿದೆ. ಅಳೆದವರು ಬದಲಾದರೆ ಮೂರು ಸೆಂಟಿಮೀಟರ್ ಬದಲಾಗುತ್ತಿತ್ತು, ಕೈಬಿಟ್ಟೆ. ತೂಕದ ಯಂತ್ರವನ್ನು ರತ್ನಗಂಬಳಿಯ ಮೇಲಿಟ್ಟರೆ ಅಮ್ಮ ಒಂದು ಕಿಲೋ ಹಗುರಾಗುತ್ತಾರೆ ಎಂಬುದನ್ನೂ ಹೀಗೆಯೇ ಕಂಡುಕೊಂಡೆ. ಈಗ ಅದರ ಜಾಗವನ್ನು ನೆಲದ ಮೇಲೆ ಬಳಪದಿಂದ ಗುರುತು ಮಾಡಿದ್ದೇವೆ.

ಫಲ ಕೊಟ್ಟ ಪ್ರಯೋಗ ಒಂದೇ. ಮಾತ್ರೆ ವಾಂತಿಯಾದ ರಾತ್ರಿಗೆಂದು, ಉಸಿರು ನಲವತ್ತು ದಾಟಿದರೆ ಚರ್ಮದಡಿ ಕೊಡಲು ಅಳೆದು ತುಂಬಿದ ಒಂದು ಸಿರಿಂಜನ್ನು ಮನೆಯವರ ಬಳಿ ಇರಿಸಿದೆ. ಫೋನ್ ಮಾಡಿ, ನನ್ನ ಮಾತು ಕೇಳಿ, ಆಮೇಲೆ ಮಾತ್ರ ಕೊಡುವುದು, ಕೊಟ್ಟ ಕೂಡಲೇ ಆಸ್ಪತ್ರೆಗೆ ಹೊರಡುವುದು ಎಂಬ ಕರಾರು. ಸಹೋದ್ಯೋಗಿಗಳು ಅತಿ ಹೆಚ್ಚು ವಿರೋಧಿಸಿದ್ದು ಇದನ್ನೇ. ಐದು ಮನೆಗಳಿಗೆ ಕೊಟ್ಟಿದ್ದೇನೆ. ಮೂರು ಮನೆಯವರು ಬಳಸಿದರು, ಮೂರೂ ನಾಯಿಗಳು ಜೀವಂತವಾಗಿ ಬಾಗಿಲು ತಲುಪಿದವು, ಅವುಗಳಲ್ಲಿ ಎರಡು ಆಗಲೇ ಮೂತ್ರ ಮಾಡಿ ಉಸಿರು ಇಳಿಸಿಕೊಂಡಿದ್ದವು. ಉಳಿದ ಎರಡು ಸಿರಿಂಜುಗಳ ಅವಧಿ ಮುಗಿಯುತ್ತಾ ಬಂದಿದೆ. ಈ ವಾರ ಹೊಸತನ್ನು ತುಂಬಿಕೊಡಬೇಕು.