ರಾತ್ರಿ 2 ಗಂಟೆಗೆ ಓಡದೇ ಇದ್ದ ಬ್ಯಾಕಪ್

ಬ್ಯಾಕಪ್ ದಿನಾ ರಾತ್ರಿ ತಾನಾಗೇ ಆಗ್ತಿದೆ ಅಂತ ನಾಲ್ಕು ತಿಂಗಳು ಆರಾಮಾಗಿ ನಂಬ್ಕೊಂಡಿದ್ದೆ. ಆಗೊಮ್ಮೆ ಈಗೊಮ್ಮೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ (ಹೇಳಿದ ಟೈಮ್‌ಗೆ ಕೆಲಸ ತಾನಾಗೇ ಓಡ್ಸೋ ಟೂಲ್) ತೆಗೆದು ನೋಡಿದ್ರೆ ಸ್ಟೇಟಸ್ "ರೆಡಿ", ಲಾಸ್ಟ್ ರನ್ ರಿಸಲ್ಟ್ 0ಎಕ್ಸ್0, ಅಂದ್ರೆ ಎಲ್ಲಾ ಸರಿ ಇದೆ. ಒಂದಿನ ಅಪ್ಪಿತಪ್ಪಿ ಡಿಲೀಟ್ ಮಾಡಿದ್ದ ಫೈಲ್ ವಾಪಸ್ ಬೇಕಾಯ್ತು, ಹೋಗಿ ಬ್ಯಾಕಪ್ ಡಿಸ್ಕ್ ನೋಡ್ತೀನಿ, ಅದ್ರಲ್ಲಿರೋ ಎಲ್ಲಕ್ಕಿಂತ ಹೊಸಾ ಫೋಟೋನೇ ನಾಲ್ಕು ತಿಂಗಳ ಹಿಂದಿಂದು. ಬ್ಯಾಕಪ್ ಸ್ಕ್ರಿಪ್ಟ್ (ಕಾಪಿ ಮಾಡೋ ಕಮಾಂಡ್‌ಗಳನ್ನ ಬರೆದಿಟ್ಟ ಬ್ಯಾಚ್ ಫೈಲ್) ಬರೆದ ದಿನ ನಾನೇ ಕೈಯಾರೆ ಡಬಲ್ ಕ್ಲಿಕ್ ಮಾಡಿ ಓಡ್ಸಿದ್ನಲ್ಲ, ಅವತ್ತಿಂದು. ಆಮೇಲೆ ಒಂದೇ ಒಂದು ಫೈಲೂ ಹೋಗಿರ್ಲಿಲ್ಲ.

ಮೊದಲು 0ಎಕ್ಸ್0 ಕಥೆ ಹೇಳ್ಬಿಡ್ತೀನಿ, ಯಾಕಂದ್ರೆ ಅದು ಪೂರ್ತಿ ನನ್ನದೇ ತಪ್ಪು. ಬ್ಯಾಚ್ ಫೈಲ್‌ನ ಕೊನೇ ಸಾಲಲ್ಲಿ ಎಕ್ಸಿಟ್ ಕೋಡ್ (ಕೆಲಸ ಹೇಗಾಯ್ತು ಅಂತ ಮುಗಿಯುವಾಗ ವಾಪಸ್ ಕೊಡೋ ನಂಬರ್) ಸೊನ್ನೆ ಅಂತ ಬರ್ದಿಟ್ಟಿದ್ದೆ, ಎಲ್ಲಿಂದ ಕಾಪಿ ಮಾಡಿದ್ನೋ ನೆನಪಿಲ್ಲ. ಹಾಗಾಗಿ ಒಳಗೆ ಏನು ಹಾಳಾಗಿ ಹೋದ್ರೂ ಶೆಡ್ಯೂಲರ್‌ಗೆ ಕೊನೆಗೆ ಸಿಗ್ತಿದ್ದದ್ದು "ಎಲ್ಲಾ ಚೆನ್ನಾಗಾಯ್ತು" ಅನ್ನೋ ಉತ್ತರ. ಆ ಸಾಲು ಕಿತ್ತು ಹಾಕಿದ ಮೇಲೇ ನಿಜವಾದ ಕೆಲಸ ಶುರುವಾಗಿದ್ದು.

ಡಬಲ್ ಕ್ಲಿಕ್ ಮಾಡಿದ್ರೆ ಓಡತ್ತೆ, ಶೆಡ್ಯೂಲ್ ಹಾಕಿದ್ರೆ ಓಡಲ್ಲ. ಎರಡು ದಿನ ತಲೆ ಕೆರ್ಕೊಂಡ ಮೇಲೆ ಗೊತ್ತಾಗಿದ್ದೇನಂದ್ರೆ ಶೆಡ್ಯೂಲರ್ ನಾನು ಕೂತಿರೋ ಜಾಗದಲ್ಲಿ ಕೂತ್ಕೊಂಡು ಕೆಲಸ ಮಾಡಲ್ಲ. ನನ್ನ ಫೋಲ್ಡರ್ ಅದಕ್ಕೆ ಗೊತ್ತಿಲ್ಲ, ನನ್ನ ಡ್ರೈವ್‌ಗಳು ಅದಕ್ಕೆ ಕಾಣಲ್ಲ. ನನ್ನ ಸ್ಕ್ರಿಪ್ಟ್ ಯಾವ ಯಾವ ಫೋಲ್ಡರ್ ಕಾಪಿ ಮಾಡ್ಬೇಕು ಅನ್ನೋದನ್ನ ಪಕ್ಕದಲ್ಲೇ ಇರೋ ಒಂದು ಟೆಕ್ಸ್ಟ್ ಫೈಲ್‌ನಿಂದ ಓದ್ತಿತ್ತು, ಬರೀ ಫೈಲ್ ಹೆಸರು ಕೊಟ್ಟಿದ್ದೆ, ಪೂರ್ತಿ ಪಾತ್ (ಫೈಲ್ ಎಲ್ಲಿದೆ ಅನ್ನೋ ವಿಳಾಸ) ಇಲ್ಲ. ಆಕ್ಷನ್ ಸೆಟ್ಟಿಂಗ್‌ನಲ್ಲಿ "ಸ್ಟಾರ್ಟ್ ಇನ್" ಅಂತ ಒಂದು ಡಬ್ಬ ಇದೆ, ಆಪ್ಷನಲ್ ಅಂತ ಬರ್ದಿರತ್ತೆ, ನಾನೂ ಖಾಲಿ ಬಿಟ್ಟಿದ್ದೆ. ಖಾಲಿ ಬಿಟ್ರೆ ಟಾಸ್ಕ್ ಶುರುವಾಗೋದು ವಿಂಡೋಸ್‌ನ ಸಿಸ್ಟಮ್32 ಫೋಲ್ಡರ್‌ನಲ್ಲಿ, ಅಲ್ಲಿ ನನ್ನ ಟೆಕ್ಸ್ಟ್ ಫೈಲ್ ಎಲ್ಲಿಂದ ಬರ್ಬೇಕು. ಈಗ ಆ ಡಬ್ಬದಲ್ಲಿ ಫೋಲ್ಡರ್ ಪಾತ್ ಹಾಕ್ತೀನಿ (ಅಲ್ಲಿ ಕೋಟ್ಸ್ ಹಾಕ್ಬೇಡಿ, ಪಾತ್‌ನಲ್ಲಿ ಸ್ಪೇಸ್ ಇದ್ರೂ ಹಾಕ್ಬೇಡಿ, ನಂಗೆ ಅದರಿಂದಲೇ ಇನ್ನೊಂದು ಎರರ್ ಬಂತು) ಮತ್ತೆ ಸ್ಕ್ರಿಪ್ಟ್ ಒಳಗೂ ಎಲ್ಲಾ ಕಡೆ ಪೂರ್ತಿ ಪಾತ್ ಬರೀತೀನಿ.

ಎರಡನೇದು ಡ್ರೈವ್. ಬ್ಯಾಕಪ್ ಹೋಗ್ಬೇಕಿದ್ದದ್ದು ಮನೆ ನೆಟ್‌ವರ್ಕ್‌ನಲ್ಲಿರೋ ಡಿಸ್ಕ್‌ಗೆ, ಅದಕ್ಕೆ ಝಡ್ ಅನ್ನೋ ಡ್ರೈವ್ ಅಕ್ಷರ ಕೊಟ್ಟು ಮ್ಯಾಪ್ ಮಾಡಿದ್ದೆ. ಯೂಸರ್ ಲಾಗಿನ್ ಆಗಿದ್ರೂ ಆಗದಿದ್ರೂ ಓಡ್ಸು ಅನ್ನೋ ಆಪ್ಷನ್ ಆರಿಸಿದ್ರೆ ಟಾಸ್ಕ್ ಬೇರೇದೇ ಸೆಷನ್‌ನಲ್ಲಿ ಓಡತ್ತೆ, ಮ್ಯಾಪ್ ಮಾಡಿದ ಡ್ರೈವ್ ಇರೋದು ನನ್ನ ಲಾಗಿನ್ ಸೆಷನ್‌ನಲ್ಲಿ, ಅಲ್ಲಿಗೆ ಝಡ್ ಅನ್ನೋದೇ ಇಲ್ಲ. ಎರಡು ಬ್ಯಾಕ್‌ಸ್ಲ್ಯಾಶ್, ಮೆಷಿನ್ ಹೆಸರು, ಶೇರ್ ಹೆಸರು, ಹೀಗೆ ನೇರ ನೆಟ್‌ವರ್ಕ್ ಪಾತ್ ಕೊಡ್ಬೇಕಾಯ್ತು, ಅಷ್ಟೇ ಸಾಕಾಗ್ಲಿಲ್ಲ. ಆ ಲಾಗಿನ್ ಆಪ್ಷನ್ ಕೆಳಗೇ "ಪಾಸ್‌ವರ್ಡ್ ಸೇವ್ ಮಾಡ್ಬೇಡ" ಅಂತ ಒಂದು ಟಿಕ್ ಇದೆ, ಸೇಫ್ಟಿಗೆ ಒಳ್ಳೇದು ಅಂತ ಅದನ್ನೂ ಹಾಕಿದ್ದೆ ಮಹಾನುಭಾವ ನಾನು. ಅದು ಹಾಕಿದ್ರೆ ಟಾಸ್ಕ್‌ಗೆ ಲೋಕಲ್ ಮೆಷಿನ್ ಬಿಟ್ಟು ಬೇರೆ ಏನೂ ಮುಟ್ಟೋಕಾಗಲ್ಲ. ತೆಗೆದಾಗ ಪಾಸ್‌ವರ್ಡ್ ಕೇಳ್ತು, ದಿನಾ ಲಾಗಿನ್‌ಗೆ ಹೊಡೆಯೋ ಪಿನ್ ಅಲ್ಲಿ ನಡೆಯಲ್ಲ, ಅಕೌಂಟ್‌ನ ಅಸಲಿ ಪಾಸ್‌ವರ್ಡ್ಡೇ ಬೇಕು, ಅದನ್ನ ನೆನಪಿಸ್ಕೊಳ್ಳೋಕೆ ಅರ್ಧ ಗಂಟೆ ಹೋಯ್ತು.

ಇಷ್ಟೆಲ್ಲಾ ಆಗಿ ಫೈಲ್‌ಗಳು ನಿಜಕ್ಕೂ ಕಾಪಿ ಆದ್ವು, ಖುಷಿಯಿಂದ ರಿಸಲ್ಟ್ ನೋಡಿದ್ರೆ 0ಎಕ್ಸ್1! ಏನೂ ಆಗದೇ ಇದ್ದಾಗ ಸೊನ್ನೆ ತೋರಿಸ್ತಿತ್ತು, ಕೆಲಸ ಆದಾಗ ಎರರ್ ತೋರಿಸ್ತಿದೆ. ಇನ್ನೊಂದು ಸಂಜೆ ಇದಕ್ಕೇ ಹೋಯ್ತು. ಆಮೇಲೆ ತಿಳೀತು, ಸ್ಕ್ರಿಪ್ಟ್ ಒಳಗೆ ನಾನು ಬಳಸ್ತಿದ್ದ ಕಾಪಿ ಕಮಾಂಡ್ ರೋಬೋಕಾಪಿ 1 ಅಂತ ವಾಪಸ್ ಕೊಟ್ರೆ ಫೈಲ್‌ಗಳು ಕಾಪಿ ಆದ್ವು ಅಂತ ಅರ್ಥ, 0 ಅಂದ್ರೆ ಕಾಪಿ ಮಾಡೋಕೆ ಹೊಸದೇನೂ ಇರ್ಲಿಲ್ಲ ಅಂತ, 8 ಮತ್ತೆ ಅದಕ್ಕಿಂತ ಮೇಲೆ ಬಂದ್ರೆ ಮಾತ್ರ ಏನೋ ಫೇಲ್ ಆಗಿದೆ ಅಂತ. ಶೆಡ್ಯೂಲರ್ ಅದೇ ನಂಬರ್ ಎತ್ತಿ ತೋರಿಸತ್ತೆ ಅಷ್ಟೇ, ಅದಕ್ಕೆ ಅರ್ಥ ಗೊತ್ತಿಲ್ಲ. ಈಗ ಸ್ಕ್ರಿಪ್ಟ್ ಕೊನೇಲಿ 8ಕ್ಕಿಂತ ಕಮ್ಮಿ ಇದ್ರೆ ಸೊನ್ನೆ, ಇಲ್ಲಾಂದ್ರೆ ಬಂದ ನಂಬರೇ, ಅಂತ ಬರ್ದಿದೀನಿ.

ಟೈಮ್ ವಿಷ್ಯ. ಲ್ಯಾಪ್‌ಟಾಪ್ ಚಾರ್ಜಿಂಗ್‌ನಲ್ಲಿದ್ರೆ ಮಾತ್ರ ಶುರು ಮಾಡು ಅನ್ನೋ ಟಿಕ್ ಕಂಡೀಷನ್ಸ್‌ನಲ್ಲಿ ಮೊದಲಿಂದಲೇ ಹಾಕಿರತ್ತೆ, ಅದನ್ನ ತೆಗೆದೆ. ಟೈಮ್ ತಪ್ಪಿದ್ರೆ ಆದಷ್ಟು ಬೇಗ ಓಡ್ಸು ಅನ್ನೋದು ಮಾತ್ರ ಹಾಕಿರಲ್ಲ, ನಾವೇ ಹಾಕ್ಬೇಕು. ಹಾಕಿದ ಮೇಲೂ ಅದು ಮೆಷಿನ್ ಆನ್ ಆದ ತಕ್ಷಣ ಓಡಲ್ಲ, ಹತ್ತು ನಿಮಿಷ ಕಾಯತ್ತೆ, ನಾನು ಎರಡು ನಿಮಿಷ ನೋಡಿ ಇದೂ ದಂಡ ಅಂತ ಬೈದು ಎದ್ದು ಹೋಗಿದ್ದೆ. ನಿದ್ದೆಯಿಂದ ಎಬ್ಬಿಸೋ ಆಪ್ಷನ್ ಕೂಡ ಇದೆ, ಪವರ್ ಪ್ಲಾನ್‌ನಲ್ಲಿ ವೇಕ್ ಟೈಮರ್ ಎನೇಬಲ್ ಇರ್ಬೇಕು, ಪೂರ್ತಿ ಶಟ್‌ಡೌನ್ ಮಾಡಿದ್ರೆ ಏಳಲ್ಲ. ಒಂದು ವಾರ ಬಳಸಿ ಬಿಟ್ಟೆ. ಮುಚ್ಚಿಟ್ಟ ಲ್ಯಾಪ್‌ಟಾಪ್ ನಡುರಾತ್ರಿ ತಾನೇ ಎದ್ದು ಫ್ಯಾನ್ ತಿರುಗಿಸೋದು ನಂಗೆ ಇಷ್ಟ ಆಗ್ಲಿಲ್ಲ. ರಾತ್ರಿ 2 ಗಂಟೆ ಯಾವಾಗ್ಲೂ ಆನ್ ಇರೋ ಸರ್ವರ್‌ಗೆ ಸರಿ, ನನ್ನ ಟಾಸ್ಕ್ ಈಗ ಓಡೋದು ಸಂಜೆ 8:30ಕ್ಕೆ, ನಾನು ಹೇಗಿದ್ರೂ ಅದರ ಮುಂದೆ ಕೂತಿರ್ತೀನಿ.

ಹಳೇ ಲಿನಕ್ಸ್ ಮೆಷಿನ್ ಒಂದಿದೆ, ಅಲ್ಲಿ ಶೆಡ್ಯೂಲರ್ ಕೆಲಸ ಮಾಡೋದು ಕ್ರಾನ್, ಬುದ್ಧಿ ಹೆಚ್ಚುಕಮ್ಮಿ ಇದೇ. ನಮ್ಮ ಟರ್ಮಿನಲ್ ಸೆಟ್ಟಿಂಗ್ಸ್ ಓದಲ್ಲ, ಪ್ರೋಗ್ರಾಂಗಳನ್ನ ಹುಡುಕೋ ಫೋಲ್ಡರ್‌ಗಳ ಪಟ್ಟಿ (ಅದಕ್ಕೂ ಪಾತ್ ಅಂತಲೇ ಹೆಸರು) ತುಂಬಾ ಚಿಕ್ಕದಿರತ್ತೆ, ಮೆಷಿನ್ ಆಫ್ ಇದ್ದಾಗ ತಪ್ಪಿದ್ದು ತಪ್ಪಿದ್ದೇ. ಕ್ರಾನ್ ಸಾಲಲ್ಲಿ % ಚಿಹ್ನೆ ಬಂದ್ರೆ ಅದನ್ನ ಹೊಸ ಸಾಲು ಅಂತ ತಗೊಳ್ಳತ್ತೆ, ಫೈಲ್ ಹೆಸರಿಗೆ ತಾರೀಕು ಸೇರ್ಸೋಕೆ ಹೋದೋರೆಲ್ಲಾ ಇಲ್ಲಿ ಬೀಳ್ತಾರೆ, % ಗಿಂತ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಹಾಕ್ಬೇಕು. ಕೊನೆಗೆ ಅಲ್ಲಿ ಕ್ರಾನ್ ಬಿಟ್ಟು ಲಿನಕ್ಸ್‌ನ ಇನ್ನೊಂದು ಶೆಡ್ಯೂಲರ್ ಆದ ಸಿಸ್ಟಮ್‌ಡಿ ಟೈಮರ್‌ಗೆ ಬಂದೆ, ಪರ್ಸಿಸ್ಟೆಂಟ್ ಅಂತ ಒಂದು ಸಾಲು ಕೊಟ್ರೆ ತಪ್ಪಿದ್ದನ್ನ ಆನ್ ಆದ್ಮೇಲೆ ಓಡ್ಸತ್ತೆ.

ಟೆಸ್ಟ್ ಮಾಡೋ ರೀತಿನೂ ಬದ್ಲಾಯ್ಸಿದೆ. ಡಬಲ್ ಕ್ಲಿಕ್ ಮಾಡಿ ನೋಡೋದು ಟೆಸ್ಟೇ ಅಲ್ಲ. ಎರಡು ನಿಮಿಷ ಮುಂದಕ್ಕೆ ಟೈಮ್ ಇಟ್ಟು, ಚಾರ್ಜರ್ ಕಿತ್ತು, ಸೈನ್ ಔಟ್ ಆಗಿ, ಐದು ನಿಮಿಷ ಬಿಟ್ಟು ಬಂದು ನೋಡ್ತೀನಿ. ಸ್ಕ್ರಿಪ್ಟ್ ಶುರುವಲ್ಲೇ ಟೈಮ್, ಯಾವ ಯೂಸರ್, ಯಾವ ಫೋಲ್ಡರ್ ಅಂತ ಮೂರು ವಿಷ್ಯ ಲಾಗ್ ಫೈಲ್‌ಗೆ ಬರ್ಸಿದೀನಿ, ಅರ್ಧ ಸಮಸ್ಯೆ ಅದನ್ನ ಓದಿದ್ರೇ ತಿಳಿಯತ್ತೆ. ಹಿಸ್ಟರಿ ಟ್ಯಾಬ್ ಖಾಲಿ ಇದ್ರೆ ಅದು ಡಿಸೇಬಲ್ ಆಗಿರತ್ತೆ, ಬಲಗಡೆ ಪ್ಯಾನೆಲ್‌ನಲ್ಲಿ ಎನೇಬಲ್ ಮಾಡ್ಕೊಳಿ.

ಇದರ ಮೇಲೆ ಇನ್ನೊಂದು ಪುಟ್ಟ ಟಾಸ್ಕ್ ಹಾಕಿದೀನಿ, ನಾನು ಲಾಗಿನ್ ಆದಾಗ ಓಡತ್ತೆ, ಬ್ಯಾಕಪ್ ಡಿಸ್ಕ್‌ನಲ್ಲಿರೋ ಹೊಸ ಲಾಗ್ 3 ದಿನಕ್ಕಿಂತ ಹಳೇದಾಗಿದ್ರೆ ಸ್ಕ್ರೀನ್ ಮಧ್ಯ ಒಂದು ಬಾಕ್ಸ್ ಬರತ್ತೆ. ಎರಡು ತಿಂಗಳು ಸುಮ್ನಿತ್ತು. ಹೋದ ವಾರ ಬಂತು ನೋಡಿ, ಏನಪ್ಪಾ ಅಂತ ಹುಡುಕಿದ್ರೆ ನಾನು ಅಕೌಂಟ್ ಪಾಸ್‌ವರ್ಡ್ ಬದ್ಲಾಯಿಸಿದ್ದೆ, ಶೆಡ್ಯೂಲರ್ ಹತ್ರ ಇನ್ನೂ ಹಳೇದೇ ಇತ್ತು.