ಪವರ್ ಸ್ಟೇರಿಂಗ್ ಕೂಗುತ್ತಿತ್ತು, ಪಂಪ್ ಬದಲಿಸದೆ ಸರಿಯಾಯ್ತು

ನನ್ನ ಪಿಕಪ್ ಟ್ರಕ್ ಹಳೇದು. ಸ್ವಲ್ಪ ಕಾಲದಿಂದ ಸ್ಟೇರಿಂಗ್ ತಿರುಗಿಸಿದರೆ ಸಾಕು, ಬಾನೆಟ್ ಒಳಗಿಂದ ಕುಂಯ್ ಅಂತ ಕೂಗು. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಜಾಸ್ತಿ, ನಿಂತಲ್ಲೇ ಗಾಡಿ ತಿರುಗಿಸುವಾಗ ಇನ್ನೂ ಜಾಸ್ತಿ. ತೋರಿಸಿದ ಕಡೆ ಕೇಳಿದ ತಕ್ಷಣ "ಪಂಪ್ ಹೋಗಿದೆ, ಹೊಸದು ಹಾಕಿಸಿ" ಅಂದರು (ಆಯಿಲನ್ನು ಒತ್ತಡದಿಂದ ತಳ್ಳಿ ಸ್ಟೇರಿಂಗ್ ಹಗುರ ಮಾಡುವ ಪಂಪ್ ಅದು). ಬಾನೆಟ್ ಕೂಡ ಎತ್ತಲಿಲ್ಲ. ನನಗೆ ಅದು ಸರಿ ಅನಿಸಲಿಲ್ಲ.

ಮೊದಲು ಸದ್ದು ಯಾವುದು ಅಂತ ಗೊತ್ತಾಗಬೇಕು. ಕಿರ್ರ್ ಅಂತ ಚೂಪಾಗಿ ಕಿರುಚಿದರೆ ಬೆಲ್ಟ್ ಜಾರುತ್ತಿದೆ ಅಂತ ಅರ್ಥ. ಬೆಲ್ಟ್ ಮೇಲೆ ಸ್ವಲ್ಪ ನೀರು ಚಿಮುಕಿಸಿದಾಗ ಸದ್ದು ಬದಲಾದರೆ ಅನುಮಾನವೇ ಬೇಡ. ಸ್ಟೇರಿಂಗ್ ಪೂರ್ತಿ ಕೊನೆವರೆಗೆ ತಿರುಗಿಸಿ ಹಿಡಿದಾಗ ಸುಯ್ ಅನ್ನೋದು ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರದಂತೆ ತೆರೆದುಕೊಳ್ಳುವ ಕವಾಟ) ತೆರೆದ ಸದ್ದು. ಅದು ದೋಷ ಅಲ್ಲ. ನಂದು ಇವೆರಡೂ ಆಗಿರಲಿಲ್ಲ. ಆಕ್ಸಿಲರೇಟರ್ ಒತ್ತಿದ ಹಾಗೆ ಏರುತ್ತಾ ಹೋಗುವ ಕೂಗು ಅದು. ಪಂಪ್‌ಗೆ ಆಯಿಲ್ ಸಾಲುತ್ತಿಲ್ಲ, ಇಲ್ಲವೇ ಆಯಿಲ್ ಜೊತೆ ಗಾಳಿಯೂ ಹೋಗುತ್ತಿದೆ ಅಂದಾಗ ಹೀಗೆ ಕೂಗುತ್ತೆ.

ಪವರ್ ಸ್ಟೇರಿಂಗ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದೆ. ಲೆವೆಲ್ ಸರಿಯಾಗಿತ್ತು. ಆದರೆ ಆಯಿಲ್ ತಿಳಿಯಾಗಿರಲಿಲ್ಲ, ಹಾಲು ಬೆರೆಸಿದ ಹಾಗೆ ಮಂದವಾಗಿತ್ತು, ಅಂಚಿಗೆ ಸಣ್ಣ ಸಣ್ಣ ಗುಳ್ಳೆ. ಗಾಳಿ ಸೇರಿದೆ, ಸರಿ. ಎಲ್ಲಿಂದ? ಗಾಡಿ ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲವಲ್ಲ!

ಇಲ್ಲೇ ತುಂಬಾ ಜನ ದಾರಿ ತಪ್ಪೋದು. ಡಬ್ಬಿಯಿಂದ ಪಂಪ್‌ಗೆ ಬರುವ ದಪ್ಪ ರಬ್ಬರ್ ಪೈಪ್ ಇದೆಯಲ್ಲ, ಅದರಲ್ಲಿ ಒತ್ತಡ ಇರೋದಿಲ್ಲ, ಪಂಪ್ ಅಲ್ಲಿಂದ ಆಯಿಲ್ ಎಳೆದುಕೊಳ್ಳುತ್ತಿರುತ್ತೆ. ಹಾಗಾಗಿ ಅಲ್ಲಿ ಸಣ್ಣ ಬಿರುಕು ಬಿಟ್ಟರೆ ಆಯಿಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತೆ. ಕ್ಲಾಂಪ್ ಸುತ್ತ ಒರೆಸಿ, ದಪ್ಪಗೆ ಗ್ರೀಸ್ ಮೆತ್ತಿ, ಇಂಜಿನ್ ಶುರು ಮಾಡಿ ನೋಡಿದೆ (ಬೆಲ್ಟ್, ಫ್ಯಾನ್ ಹತ್ತಿರ ಕೈ, ತೋಳು ಜೋಪಾನ). ಕೂಗು ಅರ್ಧಕ್ಕರ್ಧ ಇಳಿಯಿತು. ಕಳ್ಳ ಸಿಕ್ಕಿದ. ಪೈಪ್ ಬಿಚ್ಚಿ ತುದಿಯನ್ನು ಬಗ್ಗಿಸಿದರೆ ಕ್ಲಾಂಪ್ ಕೂತಿದ್ದ ಜಾಗದಲ್ಲೇ ರಬ್ಬರ್ ಗಟ್ಟಿಯಾಗಿ ಕೂದಲೆಳೆಯಂಥ ಸೀಳುಗಳು.

ಹೊಸ ಪೈಪ್ ಆಯಿಲ್‌ಗೆ ಅಂತಲೇ ಮಾಡಿದ್ದಾಗಿರಬೇಕು. ರೇಡಿಯೇಟರ್ ಪೈಪ್ ತುಂಡು ಹಾಕಿದರೆ ಆಯಿಲ್ ತಾಗಿ ಉಬ್ಬಿ ಮೆತ್ತಗಾಗುತ್ತೆ. ಬಿಚ್ಚಿದ್ದು ಬಿಚ್ಚಿದ್ದೀವಿ ಅಂತ ಪಂಪ್ ಬಾಯಿಯ ಓ ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಕೂಡ ಬದಲಿಸಿದೆ. ಡಬ್ಬಿಯ ತಳದಲ್ಲಿದ್ದ ಜಾಲರಿಯನ್ನೂ ತೊಳೆದೆ. ಅದು ಕಟ್ಟಿಕೊಂಡರೂ ಇದೇ ಸದ್ದು ಬರುತ್ತೆ. ಪಂಪ್‌ನಿಂದ ಹೊರಗೆ ಹೋಗುವ ಪೈಪ್ ವಿಷಯ ಮಾತ್ರ ಬೇರೆ. ಅದರಲ್ಲಿ ಒತ್ತಡ 1000 ಪಿಎಸ್‌ಐ ದಾಟಬಹುದು. ಅಲ್ಲಿ ಕ್ಲಾಂಪ್ ರಿಪೇರಿ ಬೇಡವೇ ಬೇಡ, ಇಂಜಿನ್ ಓಡುವಾಗ ಸೋರಿಕೆ ಹುಡುಕೋಕೆ ಕೈ ಹಾಕಲೂಬೇಡಿ.

ಹಳೇ ಆಯಿಲ್ ತೆಗೆಯೋಕೆ ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಮುಂಭಾಗ ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ವಾಪಸ್ ಬರುವ ಪೈಪನ್ನು ಡಬ್ಬಿಯಿಂದ ಬಿಚ್ಚಿ ಬಾಟಲಿಗೆ ಇಳಿಬಿಟ್ಟು, ಡಬ್ಬಿಯ ಆ ತೂತು ಮುಚ್ಚಿ, ಇಂಜಿನ್ ಆಫ್ ಇರುವಾಗಲೇ ಒಬ್ಬರು ಸ್ಟೇರಿಂಗ್ ಆಚೀಚೆ ತಿರುಗಿಸುತ್ತಾ ಇರಬೇಕು, ಇನ್ನೊಬ್ಬರು ಮೇಲಿನಿಂದ ಹೊಸದು ಸುರಿಯುತ್ತಾ ಇರಬೇಕು. ಬಂದ ಆಯಿಲನ್ನು ಬಿಳಿ ಬಟ್ಟೆ ಮೇಲೆ ಹನಿಸಿ ನೋಡಿದೆ. ಕಂದು ಬಣ್ಣ, ಅಷ್ಟೇ. ಬೆಳ್ಳಿ ಪುಡಿಯ ಮಿಂಚು ಕಂಡಿದ್ದರೆ ಪಂಪ್ ಸವೆದಿದೆ ಅಂತ ನಾನೂ ಒಪ್ಪುತ್ತಿದ್ದೆ.

ಯಾವ ಆಯಿಲ್ ಅಂತ ಗಾಡಿಯ ಪುಸ್ತಕ ನೋಡಿ. ಕೆಲವಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಹಾಕುವ ಆಯಿಲ್), ಕೆಲವಕ್ಕೆ ಬೇರೆಯೇ ಸ್ಟೇರಿಂಗ್ ಆಯಿಲ್. ಬ್ರೇಕ್ ಆಯಿಲ್ ಹಾಕಿದರೆ ಸೀಲ್‌ಗಳ ಕಥೆ ಮುಗೀತು.

ಏರ್ ಬಿಡಿಸುವಾಗ ಅವಸರ ಮಾಡಿದರೆ ಮಾಡಿದ್ದೆಲ್ಲ ಹಾಳು. ಪೈಪ್ ವಾಪಸ್ ಹಾಕಿ, ಇಂಜಿನ್ ಶುರು ಮಾಡದೆ, ಮುಚ್ಚಳ ತೆರೆದಿಟ್ಟು, ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ಇಪ್ಪತ್ತು ಸಲವಾದರೂ ಬೇಕಾಗಬಹುದು. ಗುಳ್ಳೆ ಬುಳುಬುಳು ಏಳುತ್ತೆ, ಲೆವೆಲ್ ಇಳಿಯುತ್ತೆ, ತುಂಬಬೇಕು. ಗುಳ್ಳೆ ನಿಂತ ಮೇಲೆ ಇಂಜಿನ್ ಹಾಕಿ. ಆಗ ನೊರೆ ಬಂದರೆ ಆಫ್ ಮಾಡಿ ಒಂದು ಗಂಟೆ ಸುಮ್ನೆ ಬಿಡಿ. ಸ್ಟೇರಿಂಗ್ ಕೊನೆಗೆ ತಂದು ಹಿಡಿದುಕೊಂಡು ನಿಲ್ಲಬೇಡಿ, ಆಯಿಲ್ ಕಾದುಬಿಡುತ್ತೆ.

ಗಾಡಿ ಮೇಲೆದ್ದಿತ್ತಲ್ವಾ, ಟೈ ರಾಡ್ (ಮುಂದಿನ ಚಕ್ರ ತಿರುಗಿಸುವ ಸರಳು) ಮೇಲಿನ ಗ್ರೀಸ್ ತುಂಬುವ ನಿಪ್ಪಲ್‌ಗಳನ್ನು ಒರೆಸಿ ಗ್ರೀಸ್ ಗನ್ ಹಾಕಿದೆ. ಒರೆಸದೆ ಹೊಡೆದರೆ ಮಣ್ಣೂ ಗ್ರೀಸ್ ಜೊತೆ ಒಳಗೆ ಹೋಗುತ್ತೆ.

ಈಗ ಕೂಗು ಇಲ್ಲ. ತೀರಾ ಚಳಿ ಇದ್ದರೆ ಮೊದಲ ಸಲ ತಿರುಗಿಸುವಾಗ ಸಣ್ಣಗೆ ಗುಂಯ್ ಅನ್ನುತ್ತೆ, ಆಯಿಲ್ ದಪ್ಪಗಿರುತ್ತಲ್ಲ, ಅದಕ್ಕೆ. ಕೆಲವು ದಿನ ಓಡಿಸಿ ಲೆವೆಲ್ ಮತ್ತೆ ನೋಡಿದೆ, ಸ್ವಲ್ಪ ಇಳಿದಿತ್ತು, ಒಳಗೆ ಉಳಿದಿದ್ದ ಗಾಳಿ ಹೊರಟಿರಬೇಕು. ತುಂಬುವಾಗ ಕಡ್ಡಿ ಮೇಲಿನ ಗೆರೆ ಗಮನಿಸಿ: ತಣ್ಣಗಿದ್ದಾಗಿನದ್ದು ಬೇರೆ, ಬಿಸಿಯಿದ್ದಾಗಿನದ್ದು ಬೇರೆ. ತಣ್ಣಗಿರುವಾಗ ಬಿಸಿ ಗೆರೆವರೆಗೆ ತುಂಬಿದರೆ ಕಾದ ಮೇಲೆ ಮುಚ್ಚಳದಿಂದ ಉಕ್ಕುತ್ತೆ.