ಷೇರು ಪುಸ್ತಕದ ಜೊತೆಗೆ ಒಂದು ವಾರ್ಷಿಕ ವರದಿ ಇರಲಿ

ಷೇರು ವ್ಯವಹಾರ ಕಲಿಯಬೇಕೆನ್ನುವ ಆಸೆ ಈಗ ಕೋಲಾರದ ಕಡೆಯೂ ಜೋರಾಗಿದೆ. ಪುಸ್ತಕ ಕೊಳ್ಳುವವರಿಗೇನೂ ಕಡಿಮೆಯಿಲ್ಲ, ಎಡವುವುದು ಓದುವ ಕ್ರಮದಲ್ಲಿ. ಬೆಂಜಮಿನ್ ಗ್ರಹಾಂ ಅವರ ‘ದಿ ಇಂಟೆಲಿಜೆಂಟ್ ಇನ್ವೆಸ್ಟರ್’ ತಂದು, ಬಾಂಡುಗಳ (ಸಾಲಪತ್ರಗಳ) ವಿಚಾರ ಬರುವಷ್ಟರಲ್ಲಿ ಮುಚ್ಚಿಟ್ಟು, ಕೊನೆಗೆ ಟೆಲಿಗ್ರಾಂ ಗುಂಪಿನ ಟಿಪ್ ನಂಬಿ ದುಡ್ಡು ಹಾಕಿದವರನ್ನು ಸಾಕಷ್ಟು ನೋಡಿದ್ದೇನೆ. 1949ರಲ್ಲಿ ಅಮೆರಿಕದ ಓದುಗರಿಗಾಗಿ ಬಂದ ಪುಸ್ತಕ ಅದು. ಓದಲೇಬೇಕು, ಆದರೆ ಮೊದಲಿಗೆ ಬೇಡ.

ಮೊದಲು ಷೇರುಪೇಟೆಯ ನಿಯಂತ್ರಕ ಸೆಬಿಯ ಹಣಕಾಸು ಶಿಕ್ಷಣ ಕಿರುಪುಸ್ತಕ ಓದಿ. ಉಚಿತ, ಕನ್ನಡದಲ್ಲೂ ಇದೆ, ಒಂದು ಸಂಜೆಯ ಕೆಲಸ.

ಎರಡನೆಯದು ಎನ್‌ಸಿಇಆರ್‌ಟಿಯ 12ನೇ ತರಗತಿ ಅಕೌಂಟೆನ್ಸಿ ಪಠ್ಯಪುಸ್ತಕ, ಎರಡನೇ ಭಾಗ. ಕಾಮರ್ಸ್ ಓದದವರು ಇದನ್ನು ಹಾರಿಸಬಾರದು. ಪೆನ್ಸಿಲ್ ಹಿಡಿದು ಲೆಕ್ಕಗಳನ್ನು ಬಿಡಿಸಿ.

ಬಹುತೇಕರು ಸೋಲುವುದು ಮೂರನೇ ಹಂತದಲ್ಲಿ. ನಿಮಗೆ ಗೊತ್ತಿರುವ ಯಾವುದಾದರೂ ಕಂಪನಿಯ ವಾರ್ಷಿಕ ವರದಿಯನ್ನು ಅದರದೇ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಬಣ್ಣದ ಚಿತ್ರಗಳನ್ನೂ ಅಧ್ಯಕ್ಷರ ಪತ್ರವನ್ನೂ ಬಿಟ್ಟು, ‘ಕನ್ಸಾಲಿಡೇಟೆಡ್’ (ಒಟ್ಟುಗೂಡಿಸಿದ) ಎಂದಿರುವ ಲೆಕ್ಕಪಟ್ಟಿಗೆ ಹೋಗಿ. ಅಂಗಸಂಸ್ಥೆಗಳ ಸಾಲವೂ ಅಲ್ಲೇ ಕಾಣಿಸುವುದು. ಲಾಭ ನೋಡಿದ ಕೂಡಲೇ ನಿಲ್ಲಿಸಬೇಡಿ. ನಮ್ಮ ಟೊಮೆಟೊ ಮಂಡಿಯನ್ನೇ ನೆನೆಸಿಕೊಳ್ಳಿ: ವ್ಯಾಪಾರಿ ಹೊರರಾಜ್ಯದ ಪಾರ್ಟಿಗೆ ಒಂದು ಲೋಡು ಉದ್ರಿ ಕಳಿಸಿದರೆ ಖಾತೆಯಲ್ಲಿ ಲಾಭ ಅವತ್ತೇ ಬರೆದಾಯಿತು, ದುಡ್ಡು ಮಾತ್ರ ಕೈಗೆ ಬಂದಿಲ್ಲ, ರೈತನಿಗೆ ಕೊಡಬೇಕಾದ್ದು ಕಾಯುವುದೂ ಇಲ್ಲ. ಆದ್ದರಿಂದ ನಗದು ಬಂದುಹೋದ ಲೆಕ್ಕವಿರುವ ಕ್ಯಾಶ್ ಫ್ಲೋ ಪಟ್ಟಿಯಲ್ಲಿ ‘ಆಪರೇಟಿಂಗ್ ಆ್ಯಕ್ಟಿವಿಟೀಸ್’ನಿಂದ, ಅಂದರೆ ದಿನನಿತ್ಯದ ವ್ಯವಹಾರದಿಂದ, ಬಂದ ನಿವ್ವಳ ನಗದನ್ನು ಹಿಂದಿನ ವರದಿಗಳನ್ನೂ ನೋಡಿ ಐದು ವರ್ಷಕ್ಕೆ ಕೂಡಿ. ತೆರಿಗೆ ಕಳೆದ ಲಾಭವನ್ನೂ ಅಷ್ಟೇ ವರ್ಷಕ್ಕೆ ಕೂಡಿ ಪಕ್ಕದಲ್ಲಿ ಬರೆಯಿರಿ. ಲಾಭ 100 ಕೋಟಿ ಇದ್ದು ನಗದು 35 ಕೋಟಿ ಮಾತ್ರ ಬಂದಿದ್ದರೆ, ಉಳಿದದ್ದು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಬೇಕು. ಟಿಪ್ಪಣಿಗಳಲ್ಲಿ ‘ಟ್ರೇಡ್ ರಿಸೀವಬಲ್ಸ್’, ಅಂದರೆ ಗಿರಾಕಿಗಳಿಂದ ಬರಬೇಕಾದ ಬಾಕಿ, ತೆರೆಯಿರಿ. ಆರು ತಿಂಗಳೊಳಗಿನ ಬಾಕಿ ಎಷ್ಟು, ಮೂರು ವರ್ಷ ದಾಟಿದ್ದೆಷ್ಟು ಎಂದು ಬೇರೆ ಬೇರೆ ಕಾಲಂನಲ್ಲಿ ಕೊಟ್ಟಿರುತ್ತಾರೆ. ಹಳೆಯ ಬಾಕಿ ವರ್ಷದಿಂದ ವರ್ಷಕ್ಕೆ ಉಬ್ಬುತ್ತಿದ್ದರೆ ಆ ಕಂಪನಿಯ ಸಹವಾಸ ಬೇಡ. ಬ್ಯಾಂಕುಗಳಿಗೆ ಈ ಅಳತೆ ಹೊಂದುವುದಿಲ್ಲ, ಅವುಗಳನ್ನು ಆರಂಭದಲ್ಲಿ ಮುಟ್ಟಲೇಬೇಡಿ. ಆಡಿಟರ್ ವರದಿಯಲ್ಲಿ ‘ಕ್ವಾಲಿಫೈಡ್ ಒಪಿನಿಯನ್’ ಎಂಬ ಮಾತಿದ್ದರೆ ಅದರ ಕೆಳಗಿನ ಪ್ಯಾರಾ ಎರಡು ಸಲ ಓದಿ. ಕಂಪನಿಯ ಲೆಕ್ಕದ ಬಗ್ಗೆ ಆಡಿಟರ್‌ಗೆ ಇರುವ ತಕರಾರು ಅದೇ.

ಇಷ್ಟಾದ ಮೇಲೆ ಗ್ರಹಾಂ ಹಿಡಿಯಿರಿ. ಮಾರುಕಟ್ಟೆಯ ಏರಿಳಿತ ಕುರಿತ 8ನೇ ಅಧ್ಯಾಯ, ‘ಮಾರ್ಜಿನ್ ಆಫ್ ಸೇಫ್ಟಿ’ (ಷೇರಿನ ನಿಜ ಮೌಲ್ಯಕ್ಕಿಂತ ಕಡಿಮೆ ಬೆಲೆ ಕೊಟ್ಟು ಉಳಿಸಿಕೊಳ್ಳುವ ಸುರಕ್ಷತೆಯ ಅಂತರ) ಕುರಿತ 20ನೇ ಅಧ್ಯಾಯ ಮೊದಲು. ಮಿಕ್ಕದ್ದು ಆಮೇಲೆ.

ಫುಟ್‌ಪಾತಿನ ನಕಲಿ ಪ್ರತಿ ಕೊಳ್ಳಬೇಡಿ, ಕೋಷ್ಟಕಗಳೇ ಅಳಿಸಿರುತ್ತವೆ. ಹತ್ತು ನಿಮಿಷದ ಸಾರಾಂಶದ ವಿಡಿಯೊ ಓದಿಗೆ ಬದಲಿಯಲ್ಲ. ತಿಂಗಳಲ್ಲಿ ಆಪ್ಷನ್ಸ್ (ಷೇರಿನ ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದಗಳು) ಕಲಿಸುತ್ತೇವೆನ್ನುವ ಪುಸ್ತಕಗಳನ್ನಂತೂ ಮನೆಗೆ ತರಬೇಡಿ. 2021–22ರಿಂದ ಮೂರು ವರ್ಷ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ಬಿಡಿ ಟ್ರೇಡರ್‌ಗಳಲ್ಲಿ ಶೇ 93 ಮಂದಿ ಹಣ ಕಳೆದುಕೊಂಡರೆಂದು ಸೆಬಿಯೇ 2024ರಲ್ಲಿ ಹೇಳಿದೆ.

ವರದಿಯಲ್ಲಿ ಅರ್ಥವಾಗದ್ದು ಉಳಿದರೆ ಅದರಲ್ಲೇ ಇರುವ ಕಂಪನಿ ಸೆಕ್ರೆಟರಿಯ ಇಮೇಲ್‌ಗೆ ಬರೆದು ಕೇಳಿ. ಉತ್ತರ ಬರುವವರೆಗೆ ಆ ಷೇರು ಕೊಳ್ಳಬೇಡಿ.